ನುಸಿಗೆ ಬೇವಿನೆಣ್ಣೆ ಹೊಡೆದರೂ ಹೋಗುತ್ತಿಲ್ಲ: ಅಳತೆ ತಪ್ಪೋ, ವಿಧಾನ ತಪ್ಪೋ?

ಕೊಥ್ರೂಡ್_ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ಪುಣೆ, ಕೊಥ್ರೂಡ್, ಐದನೇ ಮಹಡಿ, ಪಡುವಣ ಬಿಸಿಲಿನ ಬಾಲ್ಕನಿ. ಒಟ್ಟು 14 ಕುಂಡ: ಗುಲಾಬಿ 6, ಮೆಣಸಿನಕಾಯಿ 4, ಬದನೆ 2, ಒಂದು ಮಲ್ಲಿಗೆ, ಒಂದು ತುಳಸಿ.

ಗುಲಾಬಿ ಮತ್ತು ಬದನೆಯ ಎಲೆ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಹಳದಿ ಚುಕ್ಕೆ, ಎಲೆ ಅಡಿಯಲ್ಲಿ ಸಣ್ಣ ಬಲೆ. ಮೆಣಸಿನ ಗಿಡದಲ್ಲಿ ಬಲೆ ಇಲ್ಲ, ಆದರೆ ಕುಡಿ ಎಲೆಗಳೆಲ್ಲ ಕೆಳಗೆ ಮಡಚಿಕೊಂಡು ಮುರುಟಿವೆ.

ಈಗ ಮಾಡುತ್ತಿರುವುದು: 1 ಲೀಟರ್ ಟ್ಯಾಂಕರ್ ನೀರಿಗೆ 10 ಮಿಲಿ ಬೇವಿನೆಣ್ಣೆ, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಭಾನುವಾರ ಮಧ್ಯಾಹ್ನ ಸ್ಪ್ರೇ. ಮೂರು ವಾರ ಆಯಿತು. ನುಸಿ ಇದ್ದಲ್ಲೇ ಇದೆ, ಗುಲಾಬಿ ಎಲೆಯ ಅಂಚು ಮಾತ್ರ ಸುಟ್ಟಿದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಪಂಪಿನ ಬಾಯಿ ಕಟ್ಟಿಕೊಳ್ಳುತ್ತದೆ.

ನರ್ಸರಿಯವರು ಇಮಿಡಾಕ್ಲೋಪ್ರಿಡ್ ಹಾಕಿ ಎನ್ನುತ್ತಾರೆ. ಮೆಣಸಿನಕಾಯಿ ಅಡುಗೆಗೆ ಹೋಗುತ್ತದೆ, ಆದ್ದರಿಂದ ರಾಸಾಯನಿಕ ಬೇಡ. ಸರಿಯಾದ ಅಳತೆ, ಕಲಸುವ ಕ್ರಮ, ಎಷ್ಟು ದಿನಕ್ಕೊಮ್ಮೆ, ತಿಳಿದವರು ದಯವಿಟ್ಟು ಹೇಳಿ. ಇಲ್ಲಿನವರು ದಶಪರ್ಣಿ ಅರ್ಕ (ಹತ್ತು ಬಗೆಯ ಸೊಪ್ಪು ಕೊಳೆಸಿದ ರಸ) ಅಂತ ಬಹಳ ಹೇಳುತ್ತಾರೆ, ಅದು ಕುಂಡಕ್ಕೆ ಆಗುತ್ತದೆಯೇ?

---

ಎರೆಮಣ್ಣು (ಹಡಪಸರ್)

ಮೊದ್ಲ ಯಾವ ನುಸಿ ಅಂತ ಖಾತ್ರಿ ಮಾಡ್ಕೋರಿ, ಔಷಧದ ಮಾತು ಆಮ್ಯಾಲ. ನೀವು ಬರದದ್ದು ನೋಡಿದ್ರ ನಿಮ್ಮ ಬಾಲ್ಕನ್ಯಾಗ ಎರಡು ಥರದ್ದು ಅದಾವು.

ಗುಲಾಬಿ, ಬದನಿಗೆ ಬಂದದ್ದು ಕೆಂಪು ಜೇಡ ನುಸಿ. ಇಲ್ಲಿ ಮರಾಠಿ ಮಂದಿ ‘ಲಾಲ್ ಕೋಳಿ’ ಅಂತಾರ, ಕೋಳಿ ಅಂದ್ರ ಅವರ ಭಾಷಾದಾಗ ಜೇಡ. ಅಂಗಡ್ಯಾಗ ಈ ಹೆಸರು ಹೇಳ್ರಿ, ನಮ್ಮ ಕೋಳಿ ಅಂತ ತಿಳ್ಕೋಬ್ಯಾಡ್ರಿ. ಎಲಿ ಕೆಳಗ ಒಂದು ಬಿಳಿ ಹಾಳಿ ಹಿಡದು ಎಲಿ ಮ್ಯಾಲ ಮೆಲ್ಲಗ ತಟ್ರಿ. ಹಾಳಿ ಮ್ಯಾಲ ಬಿದ್ದ ಧೂಳಿನ ಕಣ ಹತ್ತು ಸೆಕೆಂಡಿನ್ಯಾಗ ಹರದಾಡಾಕ ಸುರು ಮಾಡಿದ್ರ ಅವು ನುಸಿ. ಬಟ್ಟಿಲೆ ಒರಸಿದ್ರ ಕೆಂಪು ಇಲ್ಲಾ ಹಸಿರು ಗೀಟು ಬೀಳ್ತದ.

ಮೆಣಸಿನಕಾಯಿದು ಬ್ಯಾರೆ, ಅದು ಹಳದಿ ನುಸಿ. ಮಿಲಿಮೀಟರಿನ ಐದನೇ ಒಂದು ಭಾಗ ಇರ್ತದ, ಬರಿಗಣ್ಣಿಗೆ ಕಾಣಂಗಿಲ್ಲ, ಬಲಿನೂ ನೇಯಂಗಿಲ್ಲ. ಹತ್ತು ಪಟ್ಟಿನ ಭೂತಗನ್ನಡಿ ಬೇಕು. ಗುರುತು ಏನಂದ್ರ ಎಲಿ ಕೆಳಮುಖ ಮಡಚ್ತದ, ಬೋರಲು ಹಾಕಿದ ದೋಣಿ ಹಂಗ. ಎಲಿ ಸಣ್ಣಾಗಿ ತೊಟ್ಟು ಉದ್ದ ಆಗ್ತದ, ಹಿಂಬದಿ ತಾಮ್ರದ ಬಣ್ಣಕ್ಕ ತಿರಗ್ತದ. ಎಲಿ ಮ್ಯಾಲಮುಖ ದೊನ್ನಿ ಹಂಗ ಆದ್ರ ಅದು ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟದ್ದು. ನಮ್ಮ ಕಡೆ ಎರಡಕ್ಕೂ ‘ನುಸಿ’ ಅಂತಾರ, ಥ್ರಿಪ್ಸ್ ನುಸಿ, ಮೈಟ್ ನುಸಿ. ಗೊಂದಲ ಹುಟ್ಟೂದು ಇಲ್ಲೇ. ಎರಡೂ ಕೂಡಿ, ಅದರ ಮ್ಯಾಲ ವೈರಸ್ಸೂ ಬಂದ್ರ ಅದಕ್ಕ ಮುರುಟು ರೋಗ ಅಂತ ಒಂದ ಹೆಸರು.

ಇಮಿಡಾಕ್ಲೋಪ್ರಿಡ್ ಮಾತ್ರ ಮುಟ್ಟಬ್ಯಾಡ್ರಿ. ನುಸಿ ಕೀಟ ಅಲ್ಲ, ಎಂಟು ಕಾಲಿನ ಪ್ರಾಣಿ, ಜೇಡದ ಬಳಗ. ಆ ಔಷಧ ರಸ ಹೀರೋ ಕೀಟಕ್ಕ ಮಾಡಿದ್ದು. ನುಸಿ ಸಾಯಂಗಿಲ್ಲ, ನುಸಿ ತಿನ್ನೋ ಹುಳ ಸಾಯ್ತಾವ. ಮ್ಯಾಲ ಜೇಡ ನುಸಿ ಇನ್ನೂ ಹೆಚ್ಚು ತತ್ತಿ ಇಡ್ತದ ಅಂತ ಸಂಶೋಧನಿಯೊಳಗ ಕಂಡದ. ಹೊಡದು ಮೂರು ವಾರಕ್ಕ ಗಿಡ ತುಂಬ ಬಲಿ ಆದ್ರ ಆಶ್ಚರ್ಯ ಪಡಬ್ಯಾಡ್ರಿ. ಸಿಂಥೆಟಿಕ್ ಪೈರಿಥ್ರಾಯ್ಡ್ ಅನ್ನೋ ಕೀಟನಾಶಕಗಳ ಕಥಿನೂ ಇದ.

ಇನ್ನ ನಿಮ್ಮ ‘ವಾರಕ್ಕೊಮ್ಮೆ’ ಲೆಕ್ಕ. ಪುಣ್ಯಾದ ಬ್ಯಾಸಗಿ ಬಿಸಲಿಗೆ ಜೇಡ ನುಸಿಯ ತತ್ತಿ ಮೂರ ದಿನಕ್ಕ ಒಡೀತದ, ಒಂದು ವಾರದ ಆಸುಪಾಸಿಗೆ ಮರಿ ದೊಡ್ಡದಾಗಿ ತಾನ ತತ್ತಿ ಇಡ್ತದ. ಎಣ್ಣಿ ಹತ್ತಿದ ನುಸಿ ಸಾಯ್ತದ, ತತ್ತಿ ಬಾಳಷ್ಟು ಉಳೀತಾವ. ನೀವು ಮುಂದಿನ ಭಾನುವಾರ ಬರೂದ್ರೊಳಗ ಹೊಸ ಪೀಳಿಗಿ ತಯಾರ. ಅದಕ್ಕ 5 ದಿನಕ್ಕೊಮ್ಮೆ, ಬಿಡದ ಮೂರು ಸಲ: ಒಂದನೇ ದಿನ, ಆರನೇ ದಿನ, ಹನ್ನೊಂದನೇ ದಿನ. ಹಳದಿ ನುಸಿ ಇನ್ನೂ ಲಗೂ ಬೆಳೀತದ, ನಾಕಾರು ದಿನದಾಗ ಒಂದು ತಲಿಮಾರು. ಮೆಣಸಿನ ಗಿಡಕ್ಕ 4 ದಿನದ ಅಂತರ ಇಡ್ರಿ.

ಡಿಸೆಂಬರ್‌ದಾಗ ಇಷ್ಟು ಅವಸರ ಬೇಕಾಗಿಲ್ಲ, ಚಳಿಗೆ ನುಸಿ ಬೆಳಿಯೂದು ನಿಧಾನ. ಆದ್ರ ಆಗ ಎಣ್ಣಿ ಬಾಟ್ಲಿಯೊಳಗ ತುಪ್ಪದ ಹಂಗ ಗಟ್ಟಿ ಆಗ್ತದ. ಬಾಟ್ಲಿ ಉಗುರು ಬೆಚ್ಚಗಿನ ನೀರಿನ್ಯಾಗ ಹತ್ತು ನಿಮಿಷ ಇಟ್ಟು ಅಳೀರಿ, ಗ್ಯಾಸಿನ ಮ್ಯಾಲ ಕಾಸಬ್ಯಾಡ್ರಿ.

---

ಹೊಂಗೆನೆರಳು (ಪಿಂಪ್ರಿ)

ಗುರುತಿನ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಕಲಸುವುದರ ಬಗ್ಗೆ ಬರೆಯುತ್ತೇನೆ. ನಿಮ್ಮ ತೊಂದರೆಯ ಮುಕ್ಕಾಲು ಭಾಗ ನೀರಿನಲ್ಲಿದೆ ಸರ್.

ಟ್ಯಾಂಕರ್ ನೀರು ಸಾಮಾನ್ಯವಾಗಿ ಬೋರ್‌ವೆಲ್‌ನದು, ಗಡಸು. ಅದರಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ. ಎಣ್ಣೆಯನ್ನು ನೀರಿನಲ್ಲಿ ಹಿಡಿದಿಡಬೇಕಾದ ಸೋಪು ಗಸಿಯಾಗಿ ಕೂತರೆ ಎಣ್ಣೆ ತೇಲುತ್ತದೆ. ಪಂಪಿನ ಬಾಯಿ ಕಟ್ಟುವುದೂ ಆ ಗಸಿಯಿಂದಲೇ ಇರಬಹುದು. ಕೊನೆಗೆ ಪಂಪಿನಿಂದ ಮೊದಲು ಬರುವುದು ಬರಿ ನೀರು, ಕಡೆಗೆ ಬರುವುದು ಬರಿ ಎಣ್ಣೆ. ನಿಮ್ಮ ಗುಲಾಬಿ ಸುಟ್ಟದ್ದು ಆ ಕಡೆಯ ಎಣ್ಣೆಯಿಂದ ಇರಬಹುದು.

ಪರೀಕ್ಷೆ ಸುಲಭ. ಅರ್ಧ ಬಾಟಲಿ ನೀರಿಗೆ ಚೂರು ಸೋಪು ಹಾಕಿ ಕುಲುಕಿ. ನೊರೆ ನಿಲ್ಲದೆ ನೀರು ಮಾಸಲಾದರೆ ಗಡಸು. ಅಂಥ ನೀರು ಬೇಡ. ಕುಡಿಯುವ ಆರ್‌ಒ (RO) ಫಿಲ್ಟರ್ ನೀರು, ಮಳೆನೀರು, ಇಲ್ಲವೇ ಏಸಿಯಿಂದ ತೊಟ್ಟಿಕ್ಕುವ ನೀರು ಬಳಸಿ. ನಿಮ್ಮ 14 ಕುಂಡಕ್ಕೆ ಒಂದು ಸಲಕ್ಕೆ ಬೇಕಾಗುವುದು ಒಂದೂವರೆಯಿಂದ ಎರಡು ಲೀಟರ್ ಅಷ್ಟೇ. ಆದರೆ ಫಿಲ್ಟರಿನ ಪಕ್ಕದ ಪೈಪಿನಿಂದ ಹೊರಹೋಗುವ ವೇಸ್ಟ್ ನೀರನ್ನು ಹಿಡಿದು ಬಳಸಬೇಡಿ, ಅದು ಟ್ಯಾಂಕರ್ ನೀರಿಗಿಂತ ಗಡಸು.

ಪಾತ್ರೆ ಲಿಕ್ವಿಡ್ ಒಂದು ಚಮಚ ಬಹಳ ಹೆಚ್ಚು. ಅದು ಸೋಪಲ್ಲ, ಡಿಟರ್ಜೆಂಟ್. ಎಲೆಯ ಮೇಲಿನ ಮೇಣದ ಪದರವನ್ನೇ ಕಿತ್ತುಹಾಕುತ್ತದೆ. ಬಟ್ಟೆ ಪುಡಿಯಂತೂ ಬೇಡವೇ ಬೇಡ.

ಬಳಸಬೇಕಾದ್ದು ಅಂಟುವಾಳ. ಇಲ್ಲಿ ‘ರಿಠಾ’ ಎಂದು ಕೇಳಿ, ಯಾವ ಕಿರಾಣಿಯಲ್ಲೂ ಸಿಗುತ್ತದೆ. ಹತ್ತು ಕಾಯಿ ಒಡೆದು ಬೀಜ ತೆಗೆದು ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಕಿವುಚಿ, ಹಳೆಯ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿ. ಫ್ರಿಜ್‌ನಲ್ಲಿ ಐದಾರು ದಿನ ಇರುತ್ತದೆ, ಹೊರಗಿಟ್ಟರೆ ಎರಡೇ ದಿನಕ್ಕೆ ಹುಳಿ ವಾಸನೆ. ಅಂಟುವಾಳದ ನೊರೆ ಗಡಸು ನೀರಿನಲ್ಲೂ ಒಡೆಯುವುದಿಲ್ಲ. ಇನ್ನೊಂದು ಲಾಭ, ಅದರ ರಸ ಸ್ವಲ್ಪ ಹುಳಿ ಗುಣದ್ದು. ಬೇವಿನ ಮುಖ್ಯ ಸತ್ವ ಅಜಾಡಿರಾಕ್ಟಿನ್ ಕ್ಷಾರದ ನೀರಿನಲ್ಲಿ ಬೇಗ ಕೆಡುತ್ತದೆ, ಸ್ವಲ್ಪ ಹುಳಿ ಇದ್ದರೆ ಹೆಚ್ಚು ಹೊತ್ತು ಉಳಿಯುತ್ತದೆ. (ಹಾಗಂತ ಸೋಪು ಹಾಕಿದ ದ್ರಾವಣಕ್ಕೆ ನಿಂಬೆಹಣ್ಣು ಹಿಂಡಬೇಡಿ, ಸೋಪೇ ಒಡೆದು ಹೋಗುತ್ತದೆ.)

ಕಲಸುವ ಕ್ರಮ, 1 ಲೀಟರಿಗೆ:

ಖಾಲಿ ಬಾಟಲಿಗೆ ಮೊದಲು 50 ಮಿಲಿ ಅಂಟುವಾಳದ ರಸ ಹಾಕಿ, ಅದಕ್ಕೆ 5 ಮಿಲಿ ಬೇವಿನೆಣ್ಣೆ. ಮುಚ್ಚಳ ಹಾಕಿ ಎರಡು ನಿಮಿಷ ಜೋರಾಗಿ ಕುಲುಕಿ, ಮಜ್ಜಿಗೆಯ ಬಣ್ಣ ಬರಬೇಕು. ಆಮೇಲೆ 100 ಮಿಲಿ ಉಗುರು ಬೆಚ್ಚಗಿನ ನೀರು ಹಾಕಿ ಮತ್ತೆ ಕುಲುಕಿ. ಕೊನೆಗೆ ಉಳಿದ ನೀರು. ಹತ್ತು ನಿಮಿಷ ಸುಮ್ಮನೆ ಇಟ್ಟು ನೋಡಿ. ಮೇಲೆ ಎಣ್ಣೆಯ ಉಂಗುರ ಕಂಡರೆ ಇನ್ನಷ್ಟು ಅಂಟುವಾಳ ಹಾಕಿ, ಕಾಣದಿದ್ದರೆ ಪಂಪಿಗೆ ಸುರಿಯಿರಿ. ತುಂಬಿದ ನೀರಿಗೆ ಎಣ್ಣೆ ಸುರಿಯುವುದು ಎಲ್ಲರೂ ಮಾಡುವ ತಪ್ಪು, ಆ ಎಣ್ಣೆ ಎಷ್ಟು ಕುಲುಕಿದರೂ ಸೇರುವುದಿಲ್ಲ.

ಅಂಟುವಾಳ ಇಲ್ಲದಿದ್ದರೆ 5 ಗ್ರಾಂ ಸಾದಾ ಬಾರ್ ಸೋಪು ತುರಿದು 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ, ಆರಿದ ಮೇಲೆ ಎಣ್ಣೆ ಸೇರಿಸಿ. ನೀರು ಮೆದುವಾಗಿರಲೇಬೇಕು. ‘ನೀರಿನಲ್ಲಿ ಕರಗುವ ಬೇವಿನೆಣ್ಣೆ’ ಎಂದು ಬರೆದ ಬಾಟಲಿ ತಂದರೆ ಅದರಲ್ಲಿ ಕಲಸುವ ವಸ್ತು ಇದ್ದೇ ಇರುತ್ತದೆ. ಮತ್ತೆ ಸೋಪು ಬೇಡ, ಲೇಬಲ್ಲಿನ ಅಳತೆಯೇ ಸಾಕು.

5 ಮಿಲಿ ಕಡಿಮೆ ಎನಿಸಬಹುದು. ಕುಡಿ ಎಲೆ, ಮೆಣಸಿನ ಸಸಿಗೆ 3 ಮಿಲಿ ಸಾಕು. ಬಲಿತ ಬದನೆ ಎಲೆಗೆ 7–8 ಮಿಲಿಯವರೆಗೆ ಹೋಗಬಹುದು. ಎಣ್ಣೆ ಹೆಚ್ಚಿಸುವುದಕ್ಕಿಂತ ಎಲೆಯ ಅಡಿ ಪೂರ್ತಿ ತೋಯಿಸುವುದು ಮುಖ್ಯ. ಎಣ್ಣೆ ನುಸಿಯನ್ನು ಕೊಲ್ಲುವುದು ಮೈಗೆ ಹತ್ತಿ ಉಸಿರು ಕಟ್ಟಿಸಿ, ಆದ್ದರಿಂದ ತಾಗದ ನುಸಿ ಬದುಕಿತು ಎಂದೇ ಲೆಕ್ಕ. ಪಂಪಿನ ಮೂತಿ ಮೇಲ್ಮುಖ ತಿರುಗಿಸಿ ಬುಡದಿಂದ ತುದಿಗೆ ಹೊಡೆಯಿರಿ, ಎಲೆಯಿಂದ ಹನಿ ಉದುರಲು ಶುರುವಾದಾಗ ನಿಲ್ಲಿಸಿ. 12 ಇಂಚಿನ ಕುಂಡದ ಗಿಡಕ್ಕೆ 100–150 ಮಿಲಿ ಹಿಡಿಯುತ್ತದೆ. ಅಷ್ಟು ಖರ್ಚಾಗದಿದ್ದರೆ ನೀವು ಎಲೆಯ ಮೇಲ್ಭಾಗಕ್ಕೆ ಮಾತ್ರ ಹೊಡೆದಿದ್ದೀರಿ.

ಮಧ್ಯಾಹ್ನ ಹೊಡೆಯಬೇಡಿ. ಪುಣೆಯ ಬೇಸಿಗೆಯಲ್ಲಿ ಸಂಜೆ ಆರೂವರೆ ನಂತರ. 35 ಡಿಗ್ರಿ ಮೀರಿದ ಬಿಸಿಲು, ಒಣಗಿದ ಮಣ್ಣು, ಎಣ್ಣೆ ಈ ಮೂರೂ ಸೇರಿದರೆ ಎಲೆ ಸುಡುತ್ತದೆ. ಅಂದು ಬೆಳಿಗ್ಗೆಯೇ ಕುಂಡಕ್ಕೆ ಚೆನ್ನಾಗಿ ನೀರು ಕೊಟ್ಟಿರಿ. ಕಲಸಿದ್ದು ಅಂದೇ ಖಾಲಿಯಾಗಬೇಕು, ನಾಳೆಗೆ ಇಟ್ಟರೆ ಅದರಲ್ಲಿ ಎಣ್ಣೆ ಉಳಿದಿರುತ್ತದೆ, ಬೇವಿನ ಗುಣ ಉಳಿದಿರುವುದಿಲ್ಲ. ಮೊದಲ ಸಲ ಎರಡು ಎಲೆಗೆ ಮಾತ್ರ ಹೊಡೆದು ಎರಡು ದಿನ ಕಾಯಿರಿ. ಗುಲಾಬಿಯಲ್ಲಿ ತಳಿಯಿಂದ ತಳಿಗೆ ತಾಳಿಕೆ ಬೇರೆ.

---

ಎರೆಮಣ್ಣು

ಹೊಂಗೆನೆರಳು ಅಣ್ಣಾವರ ಮಾತಿಗೆ ಒಂದ ಸೇರಿಸ್ತೀನಿ. ಸ್ಪ್ರೇ ಮಾಡೂ ಹಿಂದಿನ ದಿನ ಬರೇ ನೀರಿಲೆ ಎಲಿ ಅಡಿ ಜೋರಾಗಿ ತೊಳೀರಿ. ಬಲಿ ಹರೀಲಿಲ್ಲ ಅಂದ್ರ ಎಣ್ಣಿ ಬಲಿ ಮ್ಯಾಲ ಕುಂದರ್ತದ, ನುಸಿ ಒಳಗ ಆರಾಮ ಇರ್ತದ. ಧೂಳ ಕುಂತ ಎಲಿ ಅಂದ್ರ ನುಸಿಗೆ ಬಾಳ ಪ್ರೀತಿ. ರಸ್ತಾ ಕಡೆ ಬಾಲ್ಕನಿ ಇದ್ರ ವಾರಕ್ಕೆರಡು ಸಲ ತೊಳೀಲಿಕ್ಕೇ ಬೇಕು. ಪೂರ್ತಿ ಹಳದಿ ಆದ, ಬಲಿ ಕಟ್ಟಿದ ಎಲಿ ಕತ್ತರಿಸಿ ಪ್ಲಾಸ್ಟಿಕ್ ಚೀಲದಾಗ ಬಾಯಿ ಕಟ್ಟಿ ಎರಡು ದಿನ ಬಿಸಲಿಗಿಟ್ಟು ಕಸಕ್ಕ ಹಾಕ್ರಿ. ಬಾಲ್ಕನ್ಯಾಗಿನ ಕಂಪೋಸ್ಟ್ ಡಬ್ಬಿಗೆ ಒಗೀಬ್ಯಾಡ್ರಿ.

ಯೂರಿಯಾ, ಡಿಎಪಿ ಹಾಕ್ತಿದ್ರ ಸದ್ಯಕ್ಕ ನಿಲ್ಲಸ್ರಿ. ಸಾರಜನಕ ಹೆಚ್ಚಾದ ಎಲಿ ಮ್ಯಾಲ ನುಸಿ ಹೆಚ್ಚು ತತ್ತಿ ಇಡ್ತದ.

---

ಕೊಥ್ರೂಡ್_ಬಾಲ್ಕನಿ

ಇಷ್ಟು ವಿವರ ಯಾರೂ ಹೇಳಿರಲಿಲ್ಲ, ಧನ್ಯವಾದ. ನೀರಿನ ಪರೀಕ್ಷೆ ಮಾಡಿದೆ, ನೊರೆ ಒಂದು ಕ್ಷಣವೂ ನಿಲ್ಲಲಿಲ್ಲ.

ಇನ್ನು ಕೆಲವು ಪ್ರಶ್ನೆ. 1) ಎಣ್ಣೆ ಬದಲು ಬೇವಿನ ಬೀಜದ ಕಷಾಯ ಆಗುತ್ತದೆಯೇ? ಅಂಗಡಿಯಲ್ಲಿ ಏನೆಂದು ಕೇಳಬೇಕು? 2) ತಂಬಾಕಿನ ನೀರು, ಬೆಳ್ಳುಳ್ಳಿ–ಮೆಣಸಿನಕಾಯಿ ಕಷಾಯ? 3) ತುಳಸಿಗೂ ಇದನ್ನೇ ಹೊಡೆಯಬಹುದೇ? ತೀರ್ಥಕ್ಕೆ ಎಲೆ ಬೇಕಾಗುತ್ತದೆ. 4) ಗಂಧಕದ ಪುಡಿ ಮನೆಯಲ್ಲಿದೆ, ಬೇವಿನೆಣ್ಣೆಯ ಜೊತೆ ಸೇರಿಸಿದರೆ ಬೇಗ ಹೋಗುತ್ತದೆಯೇ?

---

ಹೊಂಗೆನೆರಳು

ನಾಲ್ಕನೆಯದಕ್ಕೆ ಮೊದಲು, ಅವಸರದ ಉತ್ತರ: ಸೇರಿಸಬೇಡಿ. ಗಂಧಕ ಮತ್ತು ಎಣ್ಣೆ ಒಂದೇ ಎಲೆಯ ಮೇಲೆ ಕೂಡಿದರೆ ಎಲೆ ಸುಡುತ್ತದೆ. ಒಂದಾದ ಮೇಲೆ ಇನ್ನೊಂದಕ್ಕೆ ಕನಿಷ್ಠ ಮೂರು ವಾರ ಅಂತರ ಬೇಕು. ಗಂಧಕ ನುಸಿಗೆ ಒಳ್ಳೆಯ ಔಷಧವೇ, ಆದರೆ ಅದು ಖನಿಜ, ಮತ್ತು ಬಿಸಿಲು ಏರಿದಾಗ ತಾನೊಂದೇ ಇದ್ದರೂ ಸುಡುತ್ತದೆ.

ಬೀಜದ ಕಷಾಯ ಆಗುತ್ತದೆ. ಅಳತೆ 5 ಶೇಕಡಾ: ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳು. ತಿರುಳನ್ನು ತರಿತರಿಯಾಗಿ ಪುಡಿ ಮಾಡಿ. ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ಸೋಸಲು ಬರುವುದಿಲ್ಲ. ಬಟ್ಟೆಯ ಗಂಟು ಕಟ್ಟಿ ಕಾಲು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಾಲಿನ ಬಣ್ಣ ಬರುವವರೆಗೆ ಹಿಂಡಿ, ಒಂದು ಲೀಟರ್ ಮಾಡಿ, 20 ಮಿಲಿ ಅಂಟುವಾಳದ ರಸ ಸೇರಿಸಿ. ಕುದಿಸಬಾರದು. ಬೀಜ ಮೂರು ತಿಂಗಳಿಂದ ಎಂಟು ತಿಂಗಳೊಳಗಿನದಾಗಿರಬೇಕು, ಅದಕ್ಕಿಂತ ಹಳೆಯದರಲ್ಲಿ ಸತ್ವ ಇಳಿದಿರುತ್ತದೆ. ಬೂಷ್ಟು ಹಿಡಿದ ಬೀಜ ಬೇಡ.

ಆದರೆ ಒಂದು ಮಾತು. ಕಷಾಯ ನುಸಿಯನ್ನು ಆ ಕ್ಷಣಕ್ಕೆ ಕೊಲ್ಲುವುದು ಕಡಿಮೆ. ತಿನ್ನುವುದು, ಪೊರೆ ಬಿಡುವುದು, ಮೊಟ್ಟೆ ಇಡುವುದು ಕುಗ್ಗುತ್ತದೆ, ಪರಿಣಾಮ ಕಾಣಲು ವಾರ ಬೇಕು. ಬಲೆ ಕಟ್ಟಿದ ಗಿಡಕ್ಕೆ ಮೊದಲ ಮೂರು ಸುತ್ತು ಎಣ್ಣೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಕಷಾಯ, ಇದು ಸರಿಯಾದ ಹೊಂದಾಣಿಕೆ.

ಅಂಗಡಿ ಭಾಷೆ: ಇಲ್ಲಿ ಬೇವು ಅಂದರೆ ‘ಕಡುನಿಂಬ’, ಕರಿಬೇವು ಅಂದರೆ ‘ಕಢೀಲಿಂಬ’. ಅವಸರದಲ್ಲಿ ಹೇಳಿದರೆ ಒಗ್ಗರಣೆ ಸೊಪ್ಪು ಕೈಗೆ ಬರುತ್ತದೆ. ಬೀಜಕ್ಕೆ ‘ನಿಂಬೋಳಿ’, ಕಷಾಯಕ್ಕೆ ‘ನಿಂಬೋಳಿ ಅರ್ಕ’, ಹಿಂಡಿಗೆ ‘ನಿಂಬೋಳಿ ಪೇಂಡ್’. ಹೊಂಗೆ ಎಣ್ಣೆಗೆ ‘ಕರಂಜ್ ತೇಲ್’. ಕೃಷಿ ಸೇವಾ ಕೇಂದ್ರ ಎಂಬ ಬೋರ್ಡ್ ಇರುವ ಅಂಗಡಿಯಲ್ಲಿ ಕೇಳಿ. ಬಾಟಲಿ ಮೇಲೆ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ಬರೆದಿರುತ್ತದೆ: 300, 1500, 3000, 10000. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ನಾನು ಮೇಲೆ ಹೇಳಿದ 5 ಮಿಲಿ ಗಾಣದ ಹಸಿ ಎಣ್ಣೆಗೆ. ಪೂಜೆಯ ದೀಪಕ್ಕೆಂದು ಮಾರುವ ಬೇವಿನೆಣ್ಣೆ ಬೇಡ, ಕಲಬೆರಕೆ ಇರಬಹುದು.

ಹೊಂಗೆ ಎಣ್ಣೆಯನ್ನು ನಮ್ಮ ಜನ ಮರೆತೇ ಬಿಟ್ಟಿದ್ದಾರೆ. ಬೇವು 3 ಮಿಲಿ, ಹೊಂಗೆ 3 ಮಿಲಿ ಒಟ್ಟಿಗೆ ಕಲಸಿದರೆ ಬೇವೊಂದನ್ನೇ ಹಾಕುವುದಕ್ಕಿಂತ ಬದನೆಯಲ್ಲಿ ಹಿಡಿತ ಚೆನ್ನಾಗಿದೆ. ಹೊಂಗೆಯ ಕರಂಜಿನ್ ಬೇರೆ ಬಗೆಯ ಸತ್ವ. ಕಲಸುವಾಗ ಅಂಟುವಾಳ 70 ಮಿಲಿಗೆ ಏರಿಸಿ.

ದಶಪರ್ಣಿ: ಹೊಲಕ್ಕೆ ಸರಿ, ಬಾಲ್ಕನಿಗೆ ಅಲ್ಲ. 200 ಲೀಟರ್ ಡ್ರಮ್ಮಿನಲ್ಲಿ ಬೇವು, ಹೊಂಗೆ, ಸೀತಾಫಲ, ಲಕ್ಕಿ, ಎಕ್ಕ, ಔಡಲ ಮುಂತಾದ ಹತ್ತು ಬಗೆಯ ಸೊಪ್ಪನ್ನು ಸಗಣಿ–ಗಂಜಳದಲ್ಲಿ ಒಂದು ತಿಂಗಳು ಕೊಳೆಸುವ ವಿಧಾನ ಅದು. ಎರಡು ಲೀಟರಿಗೆ ಇಳಿಸಿ ಮಾಡಿದರೆ ಹದ ಬರುವುದಿಲ್ಲ, ಕೆಳಗಿನ ಮಹಡಿಯವರು ಮೂಗು ಮುಚ್ಚಿಕೊಂಡು ಮೇಲೆ ಬರುತ್ತಾರೆ. ಕೆಲವರು ಕಣಗಿಲೆ ಸೊಪ್ಪನ್ನೂ ಸೇರಿಸುತ್ತಾರೆ. ಅದು ಹೃದಯಕ್ಕೆ ವಿಷ, ತಿನ್ನುವ ಗಿಡಕ್ಕೆ ಖಂಡಿತ ಬೇಡ. ಸಗಣಿ ನೀರು ಬಿದ್ದ ಎಲೆಯನ್ನು ಹಸಿಯಾಗಿ ತಿನ್ನುವುದೂ ಸರಿಯಲ್ಲ.

---

ಮುಲುಂಡ್_ಮಳೆ

ತಂಬಾಕಿನ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೆ, ಯಾಕೆಂದರೆ ಅದನ್ನು ಸಾವಯವ ಅಂತ ಹಂಚುವವರು ತುಂಬ ಜನ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಕಷಾಯ ಸೋಸುವಾಗ ಕೈ ಒದ್ದೆಯಾದರೂ ತಲೆಸುತ್ತು, ವಾಂತಿ ಬರಬಹುದು. ಮನೆಯಲ್ಲಿ ಮಕ್ಕಳಿದ್ದರೆ ಅಂಥ ಬಾಟಲಿ ಇಟ್ಟುಕೊಳ್ಳುವುದೇ ತಪ್ಪು. ಇನ್ನೊಂದು, ತಂಬಾಕು, ಮೆಣಸು, ಬದನೆ, ಟೊಮೆಟೊ ಎಲ್ಲ ಒಂದೇ ಕುಟುಂಬ. ತಂಬಾಕಿನ ಮೊಸಾಯಿಕ್ ವೈರಸ್ ಒಣ ಎಲೆಯಲ್ಲೂ ಬದುಕಿರುತ್ತದೆ, ಬೀಡಿ ಹಿಡಿದ ಕೈಯಿಂದಲೂ ಗಿಡಕ್ಕೆ ದಾಟುತ್ತದೆ. ನುಸಿ ಓಡಿಸಲು ಹೋಗಿ ವೈರಸ್ ತಂದ ಹಾಗಾಗುತ್ತದೆ.

ಬೆಳ್ಳುಳ್ಳಿ–ಮೆಣಸಿನಕಾಯಿ ಕಷಾಯ ಒಂಟಿಯಾಗಿ ಜೇಡ ನುಸಿಗೆ ಸಾಲುವುದಿಲ್ಲ. ವಾಸನೆ ಹೋಗುವವರೆಗೆ ಸ್ವಲ್ಪ ದೂರ ಇಡುತ್ತದೆ ಅಷ್ಟೇ. ಖಾರದ ನೀರು ಗಾಳಿಗೆ ಹಾರಿ ನಿಮ್ಮ ಕಣ್ಣಿಗೇ ಬರುವ ಸಂಭವ ಹೆಚ್ಚು. ಮಜ್ಜಿಗೆ ಹುಲ್ಲಿನ ಎಣ್ಣೆ, ನೀಲಗಿರಿ ಎಣ್ಣೆ ಇಂಥವು ನುಸಿಗೆ ತಾಗುತ್ತವೆ, ಆದರೆ ಲೀಟರಿಗೆ 1 ಮಿಲಿ ದಾಟಿದರೆ ಕುಡಿ ಎಲೆ ಕಪ್ಪಾಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಬೇಡ.

ಅಡುಗೆಮನೆಯದ್ದೇ ಬೇಕು ಅಂದರೆ ಗಂಜಿ ಒಳ್ಳೆಯದು. ಮೈದಾ ಅಥವಾ ಮರಗೆಣಸಿನ ಹಿಟ್ಟು 25 ಗ್ರಾಂ ಒಂದು ಲೀಟರ್ ನೀರಿನಲ್ಲಿ ಗಂಟಿಲ್ಲದೆ ಕಾಯಿಸಿ, ಆರಿಸಿ, ಸೋಸಿ, ಬೆಳಿಗ್ಗೆ ಎಲೆ ಅಡಿಗೆ ಹೊಡೆಯಿರಿ. ಒಣಗಿದಾಗ ನುಸಿಯನ್ನು ಎಲೆಗೆ ಅಂಟಿಸಿ ಬಿಡುತ್ತದೆ. ಮರುದಿನ ನೀರಿನಿಂದ ತೊಳೆಯಲೇಬೇಕು, ಇಲ್ಲದಿದ್ದರೆ ಇರುವೆ, ಜಿರಳೆ, ಮೇಲೆ ಕಪ್ಪು ಬೂಷ್ಟು. ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ, ಆಗ ಹೊಡೆಯಬೇಡಿ.

ತುಳಸಿಗೆ ಬೇವು ಹಾಕಿದರೆ ಎಲೆ ಕಹಿ, ತೀರ್ಥ ಕುಡಿದವರ ಮುಖ ನೋಡುವ ಹಾಗಿರುವುದಿಲ್ಲ. ಅಂಟುವಾಳದ ರಸ 30 ಮಿಲಿ ಒಂದು ಲೀಟರಿಗೆ ಹಾಕಿ ಹೊಡೆದು ಅರ್ಧ ಗಂಟೆ ಬಿಟ್ಟು ಬರಿ ನೀರಿನಿಂದ ತೊಳೆಯಿರಿ, ಮೂರು ದಿನಕ್ಕೊಮ್ಮೆ. ಆದರೆ ಮೊದಲು ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಕಪ್ಪು ಚುಕ್ಕೆ ಹಿಕ್ಕೆ, ಬಲೆಯಂಥ ರೆಕ್ಕೆಯ ಪುಟ್ಟ ತಿಗಣೆ ಇದ್ದರೆ ಅದು ನುಸಿಯಲ್ಲ. ತುಳಸಿ ಎಲೆ ಸುರುಟಿ ಒಣಗುವುದಕ್ಕೆ ಬಹಳ ಸಲ ಆ ತಿಗಣೆಯೇ ಕಾರಣ. ಕುಡಿ ಚಿವುಟಿ ತೆಗೆದರೆ ಅರ್ಧ ಹತೋಟಿಗೆ ಬರುತ್ತದೆ.

ಮುಂಬೈ ಕಡೆಯವರಿಗೆ ಒಂದು ವ್ಯತ್ಯಾಸ. ಇಲ್ಲಿ ಜೇಡ ನುಸಿಗೆ ಮಾರ್ಚ್–ಮೇ ಮತ್ತು ಅಕ್ಟೋಬರಿನ ಬಿಸಿಲು. ಹಳದಿ ನುಸಿಗೆ ಮಾತ್ರ ಸೆಕೆ, ತೇವ ಎರಡೂ ಬೇಕು. ಜೂನ್‌ನಿಂದ ಸೆಪ್ಟೆಂಬರ್ ಅದರದ್ದೇ ರಾಜ್ಯ. ಮಳೆಗಾಲದಲ್ಲಿ ಸಂಜೆ ಎಣ್ಣೆ ಹೊಡೆದರೆ ಎಲೆ ರಾತ್ರಿಯಿಡೀ ಒದ್ದೆ, ಗುಲಾಬಿಗೆ ಕಪ್ಪು ಚುಕ್ಕೆ ರೋಗ ಹಿಡಿಯುತ್ತದೆ. ಹಾಗಾಗಿ ಆ ನಾಲ್ಕು ತಿಂಗಳು ಬೆಳಿಗ್ಗೆ ಒಂಬತ್ತರೊಳಗೆ, ಮಳೆ ಬಿಡುವು ಕೊಟ್ಟ ದಿನ ನೋಡಿ. ಹೊಡೆದ ಕೆಲವೇ ಗಂಟೆಯಲ್ಲಿ ಜೋರು ಮಳೆ ಬಂದರೆ ಮತ್ತೆ ಹೊಡೆಯಬೇಕು.

ಹಳದಿ ನುಸಿ ಬಿಳಿನೊಣದ ಕಾಲಿಗೆ ಅಂಟಿಕೊಂಡು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಬಿಳಿನೊಣ ಬಿಟ್ಟು ನುಸಿಯ ಹಿಂದೆ ಮಾತ್ರ ಬಿದ್ದರೆ ಕೆಲಸ ಮುಗಿಯುವುದಿಲ್ಲ. ಮೆಣಸಿನ ಮುರುಟಿದ ಕುಡಿಗಳನ್ನು ಎರಡು ಇಂಚು ಕತ್ತರಿಸಿ ತೆಗೆಯಿರಿ. ನುಸಿ ಇರುವುದು ಅಲ್ಲೇ, ಎಣ್ಣೆ ಆ ಮಡಿಕೆಯೊಳಗೆ ಹೋಗುವುದಿಲ್ಲ. ಮುರುಟಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ, ಗುಣವಾಯಿತೇ ಅಂತ ನೋಡುವುದು ಹೊಸ ಚಿಗುರಿನಲ್ಲಿ. ಕಾಯಿ ಕೊಯ್ಯುವುದಿದ್ದರೆ ಸ್ಪ್ರೇಗೆ ಮೊದಲು ಕೊಯ್ದುಬಿಡಿ, ಆಮೇಲೆ ಐದು ದಿನ ಬಿಡಿ, ಇಲ್ಲದಿದ್ದರೆ ಸಾರು ಕಹಿ.

ಬಾಲ್ಕನಿಯಲ್ಲಿ ನಿಂತರೆ ಮೈ ತುರಿಸುತ್ತದೆ ಅಂತ ಕೆಲವರು ಗಿಡಕ್ಕೆ ಬೈಯುತ್ತಾರೆ. ಗಿಡದ ನುಸಿ ಮನುಷ್ಯರನ್ನು ಕಚ್ಚುವುದಿಲ್ಲ. ಏಸಿ ಹಿಂದೆ ಪಾರಿವಾಳದ ಗೂಡು ಉಂಟಾ ನೋಡಿ.

---

ಕಾಣಕೋಣ_ತೆಂಗು

ಗೋವಾದಿಂದ. ವಿಷಯ ನುಸಿಯೇ ಆದ್ದರಿಂದ ತೆಂಗಿನದ್ದನ್ನೂ ಇಲ್ಲೇ ಬರೆಯುತ್ತೇನೆ, ಈ ಕಡೆ ಹಿತ್ತಲಲ್ಲಿ ನಾಲ್ಕು ಮರ ಇರುವವರು ಕೇಳುತ್ತಲೇ ಇರುತ್ತಾರೆ.

ತೆಂಗಿನ ನುಸಿ ಬಾಲ್ಕನಿಯ ನುಸಿಯಲ್ಲ. ಹುಳುವಿನಂತೆ ಉದ್ದ, ನಾಲ್ಕೇ ಕಾಲು, ಭಾರತದಲ್ಲಿ 1998ರಲ್ಲಿ ಕೇರಳದಲ್ಲಿ ಮೊದಲು ಕಂಡಿತು. ಇರುವುದು ಕಾಯಿಯ ತೊಟ್ಟಿನ ಟೋಪಿಯ ಕೆಳಗೆ. ಮಿಡಿಯ ಟೋಪಿ ಅಂಚಿನಲ್ಲಿ ಬಿಳಿ ತ್ರಿಕೋನದ ಮಚ್ಚೆ ಮೊದಲ ಗುರುತು. ಅದು ಕಂದಾಗಿ, ಕಾಯಿ ಬೆಳೆದಂತೆ ಉದ್ದುದ್ದ ಸೀಳುತ್ತದೆ, ಅಂಟು ಸೋರುತ್ತದೆ, ಕಾಯಿ ಸಣ್ಣದಾಗುತ್ತದೆ, ನಾರು ಬಿಡಿಸಲು ಬರುವುದಿಲ್ಲ. ಬಲಿತ ಕಾಯಿಯ ಮೇಲೆ ಕಾಣುವ ಮಚ್ಚೆ ಹಳೆಯ ಗಾಯ, ಅದಕ್ಕೆ ಔಷಧ ಹೊಡೆದು ಪ್ರಯೋಜನವಿಲ್ಲ. ಹೊಡೆಯಬೇಕಾದ್ದು ಎರಡರಿಂದ ಏಳು ತಿಂಗಳ ಗೊನೆಗಳಿಗೆ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ಬೇವಿನೆಣ್ಣೆ–ಬೆಳ್ಳುಳ್ಳಿ–ಸೋಪಿನ ದ್ರಾವಣ: 10 ಲೀಟರ್ ನೀರಿಗೆ ಬೇವಿನೆಣ್ಣೆ 200 ಮಿಲಿ, ಬೆಳ್ಳುಳ್ಳಿ 200 ಗ್ರಾಂ, ಬಾರ್ ಸೋಪು 50 ಗ್ರಾಂ. ಸೋಪನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಎಣ್ಣೆ ಸೇರಿಸಿ ಚೆನ್ನಾಗಿ ಕಡೆಯಿರಿ. ಬೆಳ್ಳುಳ್ಳಿ ಅರೆದು ನೀರು ಹಾಕಿ ಹಿಂಡಿ ಸೋಸಿದ ರಸವನ್ನು ಆಮೇಲೆ ಸೇರಿಸಿ, ಕೊನೆಗೆ ನೀರು. ವರ್ಷಕ್ಕೆ ಮೂರು ಸಲ: ಡಿಸೆಂಬರ್–ಫೆಬ್ರವರಿ, ಏಪ್ರಿಲ್–ಜೂನ್, ಸೆಪ್ಟೆಂಬರ್–ಅಕ್ಟೋಬರ್. ಪಾಡೇಲಿ (ತೆಂಗಿನ ಮರ ಹತ್ತುವವನು) ಕಾಯಿ ಇಳಿಸಲು ಮರ ಹತ್ತಿದ ದಿನವೇ, ಕಾಯಿ ಇಳಿಸಿದ ಮೇಲೆ ಹೊಡೆಸಿದರೆ ಎರಡನೇ ಕೂಲಿ ಉಳಿಯುತ್ತದೆ. ಹೊಂಬಾಳೆಯಲ್ಲಿ ಹೆಣ್ಣು ಹೂವಿಗೆ ಕಾಯಿ ಕಚ್ಚುವ ಮೊದಲು ಎಣ್ಣೆ ಬೀಳದಂತೆ ನೋಡಿ.

ಇದು ಲೀಟರಿಗೆ 20 ಮಿಲಿ ಎಣ್ಣೆ ಆಯಿತು. ತೆಂಗಿನ ಸಿಪ್ಪೆ ತಡೆಯುತ್ತದೆ. ಗುಲಾಬಿಗೆ ಇದೇ ಅಳತೆ ಹಾಕಿದರೆ ಮರುದಿನ ಕಡ್ಡಿ ಮಾತ್ರ ಉಳಿದೀತು.

ಮರ ಹತ್ತಿಸಲು ಜನ ಸಿಗದಿದ್ದರೆ ಬೇರಿನ ಮೂಲಕ ಉಣಿಸುವುದು. ಅಜಾಡಿರಾಕ್ಟಿನ್ 10000 ಪಿಪಿಎಂ ದ್ರವ 10 ಮಿಲಿ, ನೀರು 10 ಮಿಲಿ. ಬುಡದಿಂದ ಎರಡು–ಮೂರು ಅಡಿ ದೂರದಲ್ಲಿ ಅಗೆದು ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಿ. ತುದಿಯನ್ನು ಹರಿತ ಚಾಕುವಿನಿಂದ ಓರೆಯಾಗಿ ಕತ್ತರಿಸಿ, ದ್ರಾವಣ ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಟ್ಟೆಯೊಳಗೆ ತುದಿ ತಳ ಮುಟ್ಟುವಂತೆ ಇಳಿಸಿ ದಾರ ಕಟ್ಟಿ, ಮಣ್ಣು ಮುಚ್ಚಿ. ಮರುದಿನ ಬಿಚ್ಚಿ ನೋಡಿದರೆ ಕೊಟ್ಟೆ ಖಾಲಿ ಇರಬೇಕು. ಹಾಗೇ ಇದ್ದರೆ ಬೇರು ಸತ್ತದ್ದು, ಇನ್ನೊಂದು ಬೇರು ಹುಡುಕಿ. ಮೊಂಡು ಕತ್ತಿಯಿಂದ ಜಜ್ಜಿದ ಬೇರೂ ಹೀರುವುದಿಲ್ಲ. ಕೊಟ್ಟ ಮೇಲೆ 45 ದಿನ ಎಳನೀರು, ಕಾಯಿ ಯಾವುದನ್ನೂ ಇಳಿಸಬಾರದು, ಆದ್ದರಿಂದ ಕೊಯ್ಲು ಮುಗಿಸಿಯೇ ಕೊಡಿ. ಜೊತೆಗೆ ಮರಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ.

---

ಎರೆಮಣ್ಣು

ಮಲ್ಲಿಗಿ ಎಲ್ಲಾರೂ ಮರತ್ರಿ. ಅದರ ಎಲಿ, ಮೊಗ್ಗಿನ ಮ್ಯಾಲ ಬಿಳಿ ಉಣ್ಣಿ ಬಟ್ಟಿ ಹಂಗ ತುಪ್ಪಳ ಬಂದಿದ್ರ ಅದು ಮೂರನೇ ಥರದ ನುಸಿ. ಒಳಗ ಎಣ್ಣಿ ಇಳಿಯಂಗಿಲ್ಲ, ಹಂತಾ ರೆಂಬಿ ಕಡದು ಸುಡೂದ ಹಾದಿ. ತುಪ್ಪಳ ಇಲ್ಲಂದ್ರ ಉಳಿದ ಗಿಡದ ಜೋಡಿ 5 ಮಿಲಿ ಲೆಕ್ಕದಾಗ ಹೊಡೀರಿ.

ಮತ್ತ ಒಂದು: ಮೂರು ಸಲ ಹೊಡದ ಮ್ಯಾಲ ನಾಕು ದಿನ ಬಿಟ್ಟು ಮತ್ತ ಬಿಳಿ ಹಾಳಿ ಹಿಡದು ಎಲಿ ತಟ್ರಿ. ಒಂದೊಂದು ಎಲಿಗೆ ಬರೇ ಎರಡು ಮೂರು ನುಸಿ ಬಿದ್ರ ಎಣ್ಣಿ ನಿಲ್ಲಸ್ರಿ, ನೀರಿಲೆ ತೊಳಕೋತ ಹೋಗ್ರಿ. ಆ ಹೊತ್ತಿಗೆ ಗಿಡದಾಗ ಸಾಸಿವಿ ಕಾಳಿಗಿಂತ ಸಣ್ಣ ಕರೇ ಗುಂಡನ ಹುಳ ಕಂಡ್ರ ಕೊಲ್ಲಬ್ಯಾಡ್ರಿ, ಅದು ನುಸಿ ತಿನ್ನೂದು. ಮತ್ತ ಎಣ್ಣಿ ಹೊಡದ್ರ ಅದೂ ಸಾಯ್ತದ.

---

ಕೊಥ್ರೂಡ್_ಬಾಲ್ಕನಿ

ಮಲ್ಲಿಗೆಯಲ್ಲಿ ತುಪ್ಪಳ ಇಲ್ಲ. ತುಳಸಿ ಎಲೆ ತಿರುಗಿಸಿದರೆ ಕಪ್ಪು ಹಿಕ್ಕೆ, ರೆಕ್ಕೆಯ ತಿಗಣೆ ಎರಡೂ ಇವೆ. ಅಂಟುವಾಳ ಇಂದು ರಾತ್ರಿ ನೆನೆಹಾಕುತ್ತೇನೆ. ಏಸಿ ನೀರಿಗೆ ಬಕೆಟ್ ಇಟ್ಟಾಗಿದೆ.

---

ಹೊಂಗೆನೆರಳು

ಬಕೆಟ್ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಿ ಸರ್, ಏಸಿಯ ಧೂಳು ಇರುತ್ತದೆ. ಸ್ಪ್ರೇ ಮುಗಿದ ಕೂಡಲೇ ಪಂಪಿಗೆ ಬಿಸಿ ಸೋಪು ನೀರು ತುಂಬಿ ನಾಲ್ಕು ಸಲ ಒತ್ತಿ ಹೊರಬಿಡಿ. ಒಂದು ರಾತ್ರಿ ಹಾಗೇ ಬಿಟ್ಟರೆ ಬೇವಿನೆಣ್ಣೆ ಮೂತಿಯೊಳಗೆ ಜಿಡ್ಡಾಗಿ ಕೂರುತ್ತದೆ, ಆಮೇಲೆ ಪಿನ್ನು ಚುಚ್ಚಿದರೆ ತೂತು ದೊಡ್ಡದಾಗಿ ಮಂಜಿನ ಬದಲು ಧಾರೆ ಬೀಳುತ್ತದೆ. ಕಟ್ಟಿದರೆ ಮೂತಿ ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ.